ಹಳೆಯ ಚೈನ್ ಗರಗಸಕ್ಕೆ ಹೊಸ ಸರಪಣಿ: ಆಯ್ಕೆ ಹೇಗೆ?

ಮಲೆನಾಡಿನ ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಚೈನ್ ಗರಗಸ ಈಗ ಹೊಸ ವಸ್ತುವಲ್ಲ. ನೆರಳು ಮರಗಳ ರೆಂಬೆ ಇಳಿಸಲು, ಮಳೆಗಾಳಿಗೆ ದಾರಿಗಡ್ಡ ಬಿದ್ದ ಮರವನ್ನು ತುಂಡರಿಸಲು, ವರ್ಷದ ಸೌದೆ ಕೊಯ್ಯಲು ಅದು ಬೇಕೇ ಬೇಕು. ಅನೇಕರ ಕೊಟ್ಟಿಗೆಯಲ್ಲಿರುವುದು ಹಳೆಯ ಯಂತ್ರ. ಕೆಲವರದಂತೂ ಇನ್ನೊಬ್ಬರಿಂದ ಕೊಂಡದ್ದು. ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ಆದರೆ ಜೊತೆಗೆ ಬಂದ ಪುಸ್ತಕ ಕಳೆದಿರುತ್ತದೆ, ಮೈಮೇಲಿನ ಚೀಟಿ ಅಳಿಸಿಹೋಗಿರುತ್ತದೆ. ಸರಪಣಿ ಸವೆದು ಹೊಸದು ತರಬೇಕಾದಾಗ ತೊಂದರೆ ಪ್ರಾರಂಭವಾಗುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಎಷ್ಟು ಇಂಚಿನ ಬಾರ್?" ಎಂದು. "ಹದಿನೆಂಟು" ಎಂದು ಹೇಳಿ ಸರಪಣಿ ತಂದರೆ ಅದು ಒಂದೋ ಉದ್ದವಾಗುತ್ತದೆ, ಇಲ್ಲವೇ ಸೀಳಿನೊಳಗೆ ಇಳಿಯುವುದಿಲ್ಲ. ಬಾರಿನ ಉದ್ದವೊಂದರಿಂದಲೇ ಸರಪಣಿಯನ್ನು ಗುರುತಿಸಲು ಸಾಧ್ಯವಿಲ್ಲ. 18 ಇಂಚಿನದೇ ಬಾರಿಗೆ ಒಂದು ಯಂತ್ರದಲ್ಲಿ 66 ಒಳಹಲ್ಲುಗಳ ಸರಪಣಿ ಬೇಕಾದರೆ ಇನ್ನೊಂದರಲ್ಲಿ 68, ಮತ್ತೊಂದರಲ್ಲಿ 72 ಬೇಕಾಗಬಹುದು. ಯಂತ್ರದ ಮಾದರಿಯ ಹೆಸರನ್ನು ಹೇಳಿದರೂ ಸಾಲದು. ಹಿಂದಿನ ಮಾಲೀಕರು ಬಾರನ್ನೋ ಸ್ಪ್ರಾಕೆಟನ್ನೋ ಬದಲಿಸಿದ್ದರೆ ಪಟ್ಟಿಯಲ್ಲಿರುವ ಲೆಕ್ಕ ನಿಮ್ಮ ಯಂತ್ರಕ್ಕೆ ಹೊಂದುವುದಿಲ್ಲ. ಆದ್ದರಿಂದ ಮೂರು ಅಳತೆಗಳನ್ನು ನೀವೇ ತೆಗೆದುಕೊಂಡು ಪೇಟೆಗೆ ಹೋಗುವುದು ಲೇಸು: ಪಿಚ್, ಗೇಜ್ ಮತ್ತು ಒಳಹಲ್ಲುಗಳ ಸಂಖ್ಯೆ.

ಮೊದಲು ಬಾರನ್ನು ನೋಡಿ

ಅಳತೆಗೆ ತೊಡಗುವ ಮುನ್ನ ಬಾರನ್ನು ಬಿಚ್ಚಿ, ಎಂಜಿನ್ ಕಡೆಯ ತುದಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹಲವು ಬಾರುಗಳಲ್ಲಿ ಈ ಮೂರೂ ಅಂಕಿಗಳನ್ನು ಅಲ್ಲಿಯೇ ಒತ್ತಿರುತ್ತಾರೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಸವೆದ ಅಂಕಿಯೂ ಕಾಣುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಹಳೆಯ ಸರಪಣಿಯೇ ಆಧಾರ. ಹಾಗಾಗಿ ಹೊಸದು ಬರುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ.

ಪಿಚ್ ಎಂದರೆ ಕೊಂಡಿಗಳ ನಡುವಣ ಅಂತರ. ಒಂದಾದ ಮೇಲೊಂದರಂತೆ ಬರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ಮಧ್ಯದಿಂದ ಮೂರನೆಯದರ ಮಧ್ಯಕ್ಕೆ ಅಳೆದು ಎರಡರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. ಚಾಲ್ತಿಯಲ್ಲಿರುವ ಪಿಚ್‌ಗಳು ಇಂಚಿನ ಲೆಕ್ಕದಲ್ಲಿ 1/4, 0.325, 3/8 ಮತ್ತು 0.404. ಹಳೆಯ ಸರಪಣಿ ಸವೆದು ಹಿಗ್ಗಿರುವುದರಿಂದ ಮೂರೇ ರಿವೆಟ್‌ಗಳ ಅಳತೆಯಲ್ಲಿ ಮೋಸವಾಗಬಹುದು. ಸರಪಣಿಯನ್ನು ಎಳೆದು ನೇರ ಮಾಡಿ ಹನ್ನೊಂದು ರಿವೆಟ್‌ಗಳ ಉದ್ದಕ್ಕೆ ಅಳೆಯುವುದು ಒಳ್ಳೆಯದು. ಅದು ಸುಮಾರು 63 ಮಿಲಿಮೀಟರ್ ಇದ್ದರೆ 1/4, 83 ಇದ್ದರೆ 0.325, 95 ಇದ್ದರೆ 3/8, 103 ಇದ್ದರೆ 0.404 ಪಿಚ್. ಹಳೆಯ ಭಾರೀ ಯಂತ್ರಗಳಲ್ಲಿ, ಉದಾಹರಣೆಗೆ ಸ್ಟಿಲ್ 070ರಲ್ಲಿ, ಕಾಣುವುದು ಈ ಕೊನೆಯದು.

ಇಲ್ಲೊಂದು ತೊಡಕಿದೆ. 3/8ರಲ್ಲಿ ಎರಡು ಬಗೆಯುಂಟು: ಸಾಧಾರಣವಾದದ್ದು ಮತ್ತು ಲೋ ಪ್ರೊಫೈಲ್ ಎನ್ನುವ ಗಿಡ್ಡ ಹಲ್ಲಿನದು. ಹೆಸರಿಗೆ ಪಿಚ್ ಒಂದೇ ಆದರೂ ಇವೆರಡರ ಸ್ಪ್ರಾಕೆಟ್ ಬೇರೆ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತಿಲ್ಲ. ಗಿಡ್ಡ ಹಲ್ಲಿನದು ಸಾಮಾನ್ಯವಾಗಿ 40 ಸಿಸಿಯೊಳಗಿನ ಚಿಕ್ಕ ಯಂತ್ರಗಳಲ್ಲಿರುತ್ತದೆ. ಅಂಗಡಿಯಲ್ಲಿ "ಮೂರೆಂಟು ಕೊಡಿ" ಎಂದಷ್ಟೇ ಹೇಳಿದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು.

ಗೇಜ್ ಎಂದರೆ ಬಾರಿನ ಸೀಳಿನಲ್ಲಿ ಓಡುವ ಒಳಹಲ್ಲಿನ ದಪ್ಪ. ಇದು 1.1, 1.3, 1.5 ಅಥವಾ 1.6 ಮಿಲಿಮೀಟರ್ ಇರುತ್ತದೆ. ಕಣ್ಣಂದಾಜು ಇಲ್ಲಿ ನಡೆಯದು. ಹತ್ತಿರದ ಲೇತ್ ಅಂಗಡಿಯಲ್ಲಿ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಸಿಕೊಳ್ಳಿ. ಸವೆಯದ ಮೂರು ನಾಲ್ಕು ಹಲ್ಲುಗಳನ್ನು ಆರಿಸಿ ಅಳೆಸಿ. ದಪ್ಪ ಹೆಚ್ಚಾದರೆ ಸರಪಣಿ ಸೀಳಿಗೆ ಇಳಿಯುವುದೇ ಇಲ್ಲ, ಅದರಿಂದ ಅಪಾಯವೂ ಇಲ್ಲ. ಕಡಿಮೆಯಾದದ್ದೇ ಕೆಟ್ಟದ್ದು. 1.6ರ ಸೀಳಿಗೆ 1.3ರ ಸರಪಣಿ ಸಲೀಸಾಗಿ ಕೂಡುತ್ತದೆ, ಎಂಜಿನ್ ಚಾಲೂ ಮಾಡಿದರೆ ಓಡುತ್ತದೆ ಕೂಡ. ಆದರೆ ಪಕ್ಕಕ್ಕೆ ವಾಲುತ್ತದೆ, ಕೊಯ್ತ ಓರೆಯಾಗುತ್ತದೆ, ಒತ್ತಡ ಬಿದ್ದಾಗ ಬಾರಿನಿಂದ ಹಾರಿ ಹೊರಬರಬಹುದು.

ಒಳಹಲ್ಲುಗಳನ್ನು ಎಣಿಸುವಾಗ ಒಂದಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ಆರಂಭಿಸಿ. ಮೇಲಿನ ಕೊಯ್ಯುವ ಹಲ್ಲುಗಳನ್ನಲ್ಲ, ಕೆಳಗೆ ಸೀಳಿನೊಳಗೆ ಇಳಿಯುವ ಹಲ್ಲುಗಳನ್ನು ಎಣಿಸಬೇಕು. ಒಟ್ಟು ರಿವೆಟ್‌ಗಳ ಅರ್ಧದಷ್ಟು ಬಂದರೆ ಎಣಿಕೆ ಸರಿಯಿದೆ.

ಹಲ್ಲಿನ ಮೇಲಿನ ಗುಟ್ಟಿನ ಅಂಕಿ

ಒಳಹಲ್ಲಿನ ಪಕ್ಕದಲ್ಲಿ ಚಿಕ್ಕ ಅಂಕಿಯೊಂದನ್ನು ಒತ್ತಿರುತ್ತಾರೆ. ಆರೆಗಾನ್ ತಯಾರಿಕೆಯಲ್ಲಿ 72, 73, 75 ಎಂದಿದ್ದರೆ ಪಿಚ್ 3/8, ಗೇಜ್ ಅನುಕ್ರಮವಾಗಿ 1.3, 1.5, 1.6, 20, 21, 22 ಎಂದಿದ್ದರೆ ಪಿಚ್ 0.325, ಗೇಜ್ ಅದೇ ಕ್ರಮದಲ್ಲಿ. 91 ಎಂದರೆ ಗಿಡ್ಡ ಹಲ್ಲಿನ 3/8, ಗೇಜ್ 1.3. ಸ್ಟಿಲ್ ತಯಾರಿಕೆಯಲ್ಲಿ ಒಳಹಲ್ಲಿನ ಮೇಲೆ ಒಂದೇ ಅಂಕಿ: 1, 3, 5, 6. ಇದು ಗೇಜಿನ ದಶಾಂಶ, ಅಂದರೆ 3 ಎಂದರೆ 1.3 ಮಿಲಿಮೀಟರ್.

ಆರೆಗಾನ್ ಸರಪಣಿಯ "72" ಎಂಬ ಗುರುತನ್ನು ಒಳಹಲ್ಲುಗಳ ಸಂಖ್ಯೆ ಎಂದು ತಿಳಿದು "72ರ ಚೈನ್" ಕೇಳಿದರೆ 72 ಹಲ್ಲಿನ ಬೇರಾವುದೋ ಸರಪಣಿ ಕೈಗೆ ಬಂದೀತು. ಚೀಟಿಯಲ್ಲಿ ಮೂರು ಅಳತೆಗಳನ್ನೂ ಬಿಡಿಬಿಡಿಯಾಗಿ ಬರೆದುಕೊಳ್ಳಿ.

ಸ್ಪ್ರಾಕೆಟನ್ನು ಮರೆಯಬೇಡಿ

ಪಿಚ್‌ಗೆ ಕೊನೆಯ ತೀರ್ಪು ಕೊಡುವುದು ಎಂಜಿನ್ ಕಡೆಯ ಸ್ಪ್ರಾಕೆಟ್. ಸರಪಣಿ, ಸ್ಪ್ರಾಕೆಟ್ ಹಾಗೂ ಬಾರಿನ ಮೂತಿಯಲ್ಲಿ ತಿರುಗುವ ಚಕ್ರ, ಈ ಮೂರರ ಪಿಚ್ ಒಂದೇ ಇರಬೇಕು. ಮೂತಿಯಲ್ಲಿ ಚಕ್ರವಿಲ್ಲದ ಹಳೆಯ ಗಟ್ಟಿ ಮೂತಿಯ ಬಾರಿಗೆ ಮಾತ್ರ ಈ ಕಟ್ಟು ಇಲ್ಲ. ಸ್ಪ್ರಾಕೆಟ್‌ನಲ್ಲಿ ಅರ್ಧ ಮಿಲಿಮೀಟರ್ ಆಳಕ್ಕಿಂತ ಹೆಚ್ಚು ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ. ಸವೆದ ಸ್ಪ್ರಾಕೆಟ್ ಹೊಸ ಸರಪಣಿಯನ್ನು ಬೇಗನೆ ಕೆಡಿಸುತ್ತದೆ. ಉಳಿಸಿದ ದುಡ್ಡು ಆ ದಾರಿಯಲ್ಲೇ ಹೋಗುತ್ತದೆ.

ನಿಮ್ಮ ಯಂತ್ರದ 0.404 ಪಿಚ್ ಸರಪಣಿ ಸುಲಭವಾಗಿ ಸಿಗುತ್ತಿಲ್ಲವೆಂದರೆ, ಅದೇ ಯಂತ್ರಕ್ಕೆ ಹೊಂದುವ 3/8 ಪಿಚ್ ಸ್ಪ್ರಾಕೆಟ್ ಮತ್ತು ಬಾರ್ ದೊರೆಯುವುದೇ ಎಂದು ವಿಚಾರಿಸಿ. ದೊರೆತರೆ ಒಮ್ಮೆ ಖರ್ಚಾದರೂ ಮುಂದೆ ಸರಪಣಿಗಾಗಿ ಅಲೆದಾಟ ತಪ್ಪುತ್ತದೆ.

ಹಳೆಯ ಯಂತ್ರಕ್ಕೆ ಹಳೆಯ ನಮೂನೆಯ ಹಲ್ಲೇ ಬೇಕೆಂದಿಲ್ಲ. ಇಂದಿನ ಕೊಕ್ಕೆ ಹಲ್ಲಿನ ಸರಪಣಿಗೆ ಮೂಲ ಅಮೆರಿಕದ ಆರೆಗಾನ್ ರಾಜ್ಯದ ಜೋ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ. ಮರದೊಳಗೆ ಎಡಕ್ಕೂ ಬಲಕ್ಕೂ ಕೆರೆಯುತ್ತ ಸಾಗುವ ದುಂಬಿಯ ಮರಿಹುಳುವಿನ ದವಡೆಯನ್ನು 1946ರಲ್ಲಿ ಗಮನಿಸಿ ಆತ ಇದನ್ನು ರೂಪಿಸಿದ. ಕಾಂಡಕೊರಕದ ಕಾಟದಿಂದ ಬೇಸತ್ತ ಕಾಫಿ ಬೆಳೆಗಾರರಿಗೆ ಇದು ತಮಾಷೆಯೆನಿಸಬಹುದು! ಈಗ ಚೂಪು ಮೂಲೆಯ ಹಲ್ಲು, ದುಂಡು ಮೂಲೆಯ ಹಲ್ಲು ಎಂದು ಎರಡು ಬಗೆ ಸಿಗುತ್ತವೆ. ಚೂಪು ಮೂಲೆಯದು ವೇಗವಾಗಿ ಕೊಯ್ದರೂ ಮಣ್ಣು ತಾಗಿದರೆ ಬೇಗ ಮೊಂಡಾಗುತ್ತದೆ. ನೆಲಕ್ಕೆ ಬಿದ್ದ ಕೆಸರು ಮೆತ್ತಿದ ಮರ ಕೊಯ್ಯುವ ನಮ್ಮ ಕೆಲಸಕ್ಕೆ ದುಂಡು ಮೂಲೆಯದೇ ಸೂಕ್ತ.

ಹಳೆಯ ಕೆಲವು ಯಂತ್ರಗಳಲ್ಲಿ ಸರಪಣಿಯನ್ನು ತಟ್ಟನೆ ನಿಲ್ಲಿಸುವ ಬ್ರೇಕ್ ಇರುವುದಿಲ್ಲ. ಬಾರಿನ ಮೂತಿಯ ಮೇಲ್ಭಾಗ ರೆಂಬೆಗೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತದೆ. ಅಂಥ ಯಂತ್ರವಿದ್ದವರು ಈ ಚಿಮ್ಮುವಿಕೆಯನ್ನು ತಗ್ಗಿಸುವ ಉಬ್ಬು ಕೊಂಡಿಗಳಿರುವ ಸರಪಣಿಯನ್ನೇ ಕೇಳಿ ಪಡೆಯಿರಿ. ಏಣಿಯ ಮೇಲೆ ನಿಂತು ಈ ಯಂತ್ರವನ್ನು ಬಳಸಲೇಬಾರದು. ಉದ್ದವಾದ ಸರಪಣಿಯನ್ನು ತುಂಡರಿಸಿ, ಸುತ್ತಿಗೆಯಿಂದ ರಿವೆಟ್ ಬಡಿದು ಜೋಡಿಸುವವರೂ ಇದ್ದಾರೆ. ಓಡುವಾಗ ಆ ಜಾಗ ಕಿತ್ತರೆ ಕೊಂಡಿ ಗುಂಡಿನಂತೆ ಸಿಡಿಯುತ್ತದೆ. ರಿವೆಟ್ ಕೂರಿಸುವ ಉಪಕರಣವಿರುವ ಮಾರಾಟಗಾರರಿಂದಲೇ ಈ ಕೆಲಸ ಮಾಡಿಸಬೇಕು.

ಹೊಸ ಸರಪಣಿಗೆ ತಕ್ಕ ದುಂಡು ಅರವನ್ನೂ ಜೊತೆಗೇ ಕೊಳ್ಳಿ. ಗಿಡ್ಡ ಹಲ್ಲಿನ 3/8ಕ್ಕೆ 4 ಮಿಲಿಮೀಟರ್, 0.325ಕ್ಕೆ 4.8, ಸಾಧಾರಣ 3/8ಕ್ಕೆ 5.2 ಅಥವಾ 5.5, 0.404ಕ್ಕೆ 5.5 ಮಿಲಿಮೀಟರ್ ಅರ ಸರಿಹೊಂದುತ್ತದೆ.

ಜೋಡಿಸುವ ಮುನ್ನ ಬಾರಿನ ಸೀಳಿನ ಕೊಳೆಯನ್ನು ತೆಳು ತಗಡಿನಿಂದ ಕೆರೆದು ತೆಗೆದು, ಬಾರನ್ನು ತಲೆಕೆಳಗು ಮಾಡಿ ಕೂಡಿಸಿ. ಎರಡೂ ಅಂಚು ಸಮನಾಗಿ ಸವೆಯುತ್ತವೆ. ಸರಪಣಿಯನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ. ಮೊದಲ ಕೆಲವು ನಿಮಿಷ ಮರ ಕೊಯ್ಯದೆ ಓಡಿಸಿ, ಎಂಜಿನ್ ನಿಲ್ಲಿಸಿ ಬಿಗಿತ ನೋಡಿ. ಹೊಸ ಸರಪಣಿ ಬೇಗ ಸಡಿಲವಾಗುವುದರಿಂದ ಮೊದಲ ದಿನ ಮತ್ತೆ ಮತ್ತೆ ನೋಡಬೇಕಾಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಬಿಗಿತವನ್ನು ಸ್ವಲ್ಪ ಸಡಿಲಿಸಿಡಿ. ಬಿಸಿಯಲ್ಲಿ ಬಿಗಿ ಮಾಡಿದ ಸರಪಣಿ ತಣ್ಣಗಾದಾಗ ಕುಗ್ಗಿ ಎಂಜಿನ್ ಬೇರಿಂಗ್‌ಗಳನ್ನು ಎಳೆದು ಹಿಡಿಯುತ್ತದೆ.