ಅಂಗೈಯ ಪರದೆ, ಧಾರೆಯ ಸೀರೆ

ಹಾಲಿನ ಬಿಳುಪು ಬೇರೆ, ಸುಣ್ಣದ ಬಿಳುಪು ಬೇರೆ, ತುಂಬೆಯ ಹೂವಿನ ಬಿಳುಪು ಬೇರೆ ಎಂಬುದನ್ನು ನಮ್ಮ ಹಿರಿಯರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಹಾಲನ್ನೂ ಹೂವನ್ನೂ ಕಣ್ಣಾರೆ ಕಂಡವರ ಮಾತದು. ಈಗ ನಾವು ಬಯಸುವ ವಸ್ತುಗಳಲ್ಲಿ ಎಷ್ಟೋ ಮೊದಲು ಅಂಗೈಯಗಲದ ಗಾಜಿನ ಮೇಲೆ ಕಾಣಿಸಿಕೊಳ್ಳುತ್ತವೆ. ವಸ್ತು ಆಮೇಲೆ ಬರುತ್ತದೆ. ಆ ಗಾಜಿಗೂ ತನ್ನದೇ ಆದ ಒಂದು ಬಿಳುಪು ಉಂಟು, ಅದು ಒಂದೊಂದು ಫೋನಿನಲ್ಲಿ ಒಂದೊಂದು ಬಗೆ, ಎಂಬುದನ್ನು ಹೆಚ್ಚು ಮಂದಿ ಗಮನಿಸಿದಂತೆ ಕಾಣೆ. ಗಮನಿಸದಿರುವುದಕ್ಕೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ. ಈ ಬಿಳುಪಿನ ದೆಸೆಯಿಂದ ಒಂದು ಮನೆಗೆ ಮದುವೆಯ ಸೀರೆ ತಪ್ಪಿತು, ಒಬ್ಬಾಕೆಯ ಹೆಸರು ಕೆಡುವುದರಲ್ಲಿತ್ತು. ಆದಕಾರಣ ಇದನ್ನು ಬರಿಯ ಯಂತ್ರದ ವಿಚಾರವೆಂದು ವಾಚಕರು ತಳ್ಳಿಬಿಡಬಾರದು.

ಮಾಗಡಿ ತಾಲ್ಲೂಕಿನ ಕುದೂರು ನಮ್ಮ ಊರು. ಸಮೀಪದಲ್ಲೇ ಭೈರವನದುರ್ಗದ ಬೆಟ್ಟ. ಅದರ ಬಂಡೆ ಬೆಳಗ್ಗೆ ಒಂದು ಬಣ್ಣ, ಸಂಜೆಗೆ ಇನ್ನೊಂದು ಬಣ್ಣ. ಅದಕ್ಕಾಗಿ ಯಾರೂ ಬಂಡೆಯ ಮೇಲೆ ಮೋಸದ ಆರೋಪ ಹೊರಿಸಿದ್ದಿಲ್ಲ. ಈ ಊರಿನಲ್ಲಿ ನನ್ನ ಪರಿಚಯದ ಒಬ್ಬ ತಾಯಿ ಮನೆಯಲ್ಲೇ ರೇಷ್ಮೆ ಸೀರೆಗಳ ವ್ಯಾಪಾರ ನಡೆಸುತ್ತಾರೆ. ಅಂಗಡಿಯಿಲ್ಲ, ಬೋರ್ಡಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ, ಸೀರೆ ಹರಡಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಫೋನಿನಿಂದ ಪಟ ತೆಗೆದು ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸುತ್ತಾರೆ. ಒಪ್ಪಿಗೆಯಾದರೆ ಹಣ ಬರುತ್ತದೆ, ಸೀರೆ ಹೋಗುತ್ತದೆ. ನಂಬಿಕೆಯೇ ಬಂಡವಾಳ.

ತುಮಕೂರಿನ ಕಡೆಯ ಗೃಹಸ್ಥರೊಬ್ಬರು ಮಗಳ ಧಾರೆಗೆಂದು ಆಕೆಯಿಂದ ಒಂದು ಸೀರೆ ತರಿಸಿಕೊಂಡರು. ಕೆಂಪು ಅಂಚು, ಒಡಲು ತೆಳುವಾದ ಅರಿಶಿನದ ಬಣ್ಣವೆಂದು ಪಟದಲ್ಲಿ ನೋಡಿ ಮನೆಮಂದಿಯೆಲ್ಲ ಮೆಚ್ಚಿದ್ದರು. ಪೊಟ್ಟಣ ಬಿಚ್ಚಿದಾಗ ಒಡಲು ಕೆನೆಯ ಬಣ್ಣ. ಹಗಲಿನಲ್ಲಿ ಹಿಡಿದರೆ ಬಿಳಿಯೇ ಎನ್ನಬಹುದು. ಮನೆಯ ಅಜ್ಜಿ, ಬಿಳಿ ಸೀರೆ ಉಡಿಸಿ ಧಾರೆ ಎರೆಯುವುದುಂಟೆ ಎಂದು ಮುಖ ತಿರುಗಿಸಿದರಂತೆ. ಕೆನೆಬಣ್ಣದ ಧಾರೆ ಸೀರೆಯನ್ನೇ ಶುಭವೆಂದು ಎಣಿಸುವ ಮನೆಗಳೂ ನಮ್ಮಲ್ಲಿವೆ; ಆದರೆ ಆ ಅಜ್ಜಿಯ ಮನೆ ಅಂಥದಲ್ಲ. ಗೃಹಸ್ಥರು ಸೀರೆಯೊಡನೆ ಖುದ್ದಾಗಿ ಕುದೂರಿಗೆ ಬಂದರು. ಬಾಗಿಲಲ್ಲೇ ‘ಮೋಸ’ ಎಂಬ ಮಾತು ಆಡಿದರು. ಸಣ್ಣ ಊರಿನಲ್ಲಿ ಅಂಥ ಮಾತು ಬೀದಿಯ ಆ ತುದಿಯನ್ನು ಮುಟ್ಟಲು ಹೊತ್ತು ಬೇಕಿಲ್ಲ.

ನನ್ನನ್ನು ಕರೆಸಿದರು. “ಮೇಷ್ಟ್ರೇ, ಇದೇ ಸೀರೆ, ಇದೇ ಪಟ. ಬಣ್ಣ ಎಲ್ಲಿ ಬದಲಾಯಿತು ಅನ್ನೋದನ್ನ ನೀವೇ ನೋಡಿ ಹೇಳಿ” ಎಂದರು ಆಕೆ. ಜಗಲಿಯ ಮೇಲೆ ಸೀರೆಯನ್ನು ಹರಡಿ, ಪಕ್ಕದಲ್ಲಿ ಒಂದು ಬಿಳಿಯ ಕಾಗದವಿಟ್ಟು, ಆಕೆಯ ಫೋನನ್ನೂ ಗೃಹಸ್ಥರ ಫೋನನ್ನೂ ನನ್ನದನ್ನೂ ಸಾಲಾಗಿ ಇರಿಸಿ, ಮೂರರಲ್ಲೂ ಆ ಒಂದೇ ಪಟವನ್ನು ತೆರೆದೆವು. ಮೂರೂ ಬೇರೆ ಬೇರೆ! ಆಕೆಯದರಲ್ಲಿ ಸೀರೆ ತಣ್ಣನೆಯ ನೀಲಿ ಬೆರೆತ ಬಿಳಿ, ನನ್ನದರಲ್ಲಿ ಕೆನೆ, ಗೃಹಸ್ಥರದರಲ್ಲಿ ಅಪ್ಪಟ ತಿಳಿ ಅರಿಶಿನ. ಅವರ ಫೋನಿನಲ್ಲಿ ಸಂಜೆಯಾದೊಡನೆ ಕಣ್ಣಿಗೆ ಹಿತವಾಗಲೆಂದು ನೀಲಿಯನ್ನು ತಗ್ಗಿಸುವ ಏರ್ಪಾಡು ಇತ್ತು. ಮಗ ಎಂದೋ ಹಾಕಿಕೊಟ್ಟಿದ್ದನಂತೆ, ಅವರಿಗೆ ನೆನಪಿರಲಿಲ್ಲ. ಅವರ ಮನೆಯಲ್ಲಿ ಸೀರೆ ಆರಿಸಿದ್ದು ರಾತ್ರಿಯ ಊಟವಾದ ಮೇಲೆ. ಆ ಏರ್ಪಾಡನ್ನು ತೆಗೆದ ಕ್ಷಣವೇ ಅರಿಶಿನ ಇಳಿದು ಕೆನೆ ಉಳಿಯಿತು. ಆದರೂ ಮೂರು ಫೋನುಗಳ ಕೆನೆ ಒಂದೇ ಆಗಲಿಲ್ಲ.

ಇದು ಹೇಗೆ? ಫೋನಿನಿಂದ ಫೋನಿಗೆ ಹೋಗುವುದು ಅಂಕೆಗಳು ಮಾತ್ರ. ಪಟದ ಒಂದೊಂದು ಚುಕ್ಕೆಗೂ ಕೆಂಪು ಇಷ್ಟು, ಹಸುರು ಇಷ್ಟು, ನೀಲಿ ಇಷ್ಟು ಎಂದು ಸಾಮಾನ್ಯವಾಗಿ ಸೊನ್ನೆಯಿಂದ 255ರ ವರೆಗಿನ ಮೂರು ಅಂಕೆ. ಆ ಅಂಕೆಗಳನ್ನು ಬೆಳಕಾಗಿಸುವುದು ಆಯಾ ಪರದೆಯ ಕೆಲಸ. ಮೂರೂ ಪೂರ್ಣವಾಗಿ ಉರಿದರೆ ಬಿಳಿ. ಆ ಬಿಳಿ ಯಾವುದಾಗಬೇಕೆಂಬುದಕ್ಕೆ ಒಂದು ಕಟ್ಟಳೆಯಿದೆ. 1996ರಲ್ಲಿ ಗೊತ್ತುಮಾಡಿದ ಎಸ್‌ಆರ್‌ಜಿಬಿ ಎಂಬ ಮಾನಕದಂತೆ ಅದು ಸುಮಾರು 6500 ಕೆಲ್ವಿನ್ನಿನ ಹಗಲ ಬೆಳಕಿನ ಬಿಳಿ. ಅಂಕೆ ಅದಕ್ಕಿಂತ ಮೇಲೆ ಹೋದರೆ ಬಿಳಿ ನೀಲಿಗೆ ತಿರುಗುತ್ತದೆ, ಕೆಳಗಿಳಿದರೆ ಹಳದಿಗೆ. ಕಟ್ಟಳೆಯನ್ನು ಎಲ್ಲರೂ ಅನುಸರಿಸುವುದಿಲ್ಲ. ನೀಲಿ ಬೆರೆತ ಬಿಳಿ ಹೆಚ್ಚು ಪ್ರಕಾಶಮಾನವಾಗಿ ತೋರುವುದರಿಂದ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಂಥ ಫೋನು ಕಣ್ಣು ಸೆಳೆಯುತ್ತದೆ. ವ್ಯಾಪಾರ ವ್ಯಾಪಾರವೇ.

ಪರದೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಹಿಂದಿನಿಂದ ದೀಪ ಉರಿಯುತ್ತದೆ. ಮುಂದೆ ದ್ರವಸ್ಫಟಿಕದ ತೆಳು ಪದರ, ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚಿ, ಬೆಳಕನ್ನು ಅಳೆದು ಬಿಡುತ್ತದೆ. ಆ ದೀಪ ಹುಟ್ಟಿನಿಂದ ಬಿಳಿಯದಲ್ಲ. ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಬೀರುವ ಒಂದು ಲೇಪ. ನೀಲಿಯೂ ಹಳದಿಯೂ ಕೂಡಿ ಬಿಳಿ ಎನಿಸುತ್ತವೆ. (ಈ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ನೊಬೆಲ್ ಪಾರಿತೋಷಕ ಬಂದಿತು.) ಲೇಪ ಕೂದಲೆಳೆಯಷ್ಟು ದಪ್ಪವಾದರೂ ಬಿಳಿ ಹಳದಿಗೆ ವಾಲುತ್ತದೆ. ಇನ್ನೊಂದು ಜಾತಿ ಓಎಲ್‌ಇಡಿ. ಇದರಲ್ಲಿ ಒಂದೊಂದು ಚುಕ್ಕೆಯೂ ತಾನೇ ಹೊಳೆಯುತ್ತದೆ. ಆದರೆ ನೀಲಿ ಬೀರುವ ದ್ರವ್ಯ ಉಳಿದವುಗಳಿಗಿಂತ ಬೇಗ ಬಳಲುತ್ತದೆ. ಓರೆಯಿಂದ ನೋಡಿದರೆ ಬಣ್ಣ ಜಾರುವುದೂ ಉಂಟು. 2017ರಲ್ಲಿ ಗೂಗಲ್ಲಿನ ಪಿಕ್ಸೆಲ್ 2 ಎಕ್ಸ್‌ಎಲ್ ಎಂಬ ಫೋನು ಓರೆನೋಟಕ್ಕೆ ನೀಲಿಯಾಗುತ್ತದೆಂದು ಕೊಂಡವರು ಗದ್ದಲವೆಬ್ಬಿಸಿದಾಗ ಕಂಪನಿ ಖಾತರಿಯ ಅವಧಿಯನ್ನು ಎರಡು ವರ್ಷಕ್ಕೆ ಏರಿಸಬೇಕಾಯಿತು. ಒಂದೇ ಹೆಸರಿನ ಫೋನಿಗೆ ಎರಡು ಕಾರ್ಖಾನೆಗಳಿಂದ ಪರದೆ ಬರುವುದೂ ಹೊಸದಲ್ಲ. ಹೀಗಿರುವಾಗ ಮೂರು ಫೋನು ಒಂದೇ ಬಿಳಿಯನ್ನು ತೋರಿದ್ದರೇ ಆಶ್ಚರ್ಯಪಡಬೇಕಾಗಿತ್ತು.

ದ್ರವಸ್ಫಟಿಕದ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಸರ್ ಇಂಥ ವಸ್ತುವನ್ನು ಮೊದಲು ಗಮನಿಸಿದಾತ. ಆಗ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯಂಥವು. ಬಿಲ್ಲೆಯಂಥ ಅಣುಗಳೂ ನಾಣ್ಯಗಳನ್ನು ಪೇರಿಸಿದ ಹಾಗೆ ಒಂದರ ಮೇಲೊಂದು ಕುಳಿತು ದ್ರವಸ್ಫಟಿಕವಾಗಬಲ್ಲವೆಂಬುದನ್ನು 1977ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರು ನಕ್ಷತ್ರಗಳ ವಿಷಯದಲ್ಲಿ ನೊಬೆಲ್ ಪಡೆದ ಚಂದ್ರಶೇಖರರಲ್ಲ. ಅವರು ರಾಮನ್ನರ ಅಣ್ಣನ ಮಗ, ಇವರು ಸೋದರಿಯ ಮಗ. ಆ ಬಿಲ್ಲೆಯಣುಗಳಿಂದ ಮಾಡಿದ ತೆಳು ಹಾಳೆಯನ್ನು 1990ರ ದಶಕದಲ್ಲಿ ಜಪಾನಿನವರು ಕಂಪ್ಯೂಟರಿನ ಪರದೆಗಳಿಗೆ ಹೊದಿಸಿದರು. ಓರೆಯಿಂದ ನೋಡಿದಾಗ ಪಟ ಕೆಡುವ ದೋಷ ಬಹಳಮಟ್ಟಿಗೆ ತಗ್ಗಿತು. ನಮ್ಮಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ನಡೆದ ಕೆಲಸ; ಕುದೂರಿನ ಮಕ್ಕಳಿಗೆ ಇದು ತಿಳಿದಿರಬೇಡವೆ?

ಇನ್ನು ಕಣ್ಣಿನ ಮಾತು. ನಮ್ಮ ಕಣ್ಣು ತಾನಿರುವ ಬೆಳಕಿಗೆ ಬಹು ಬೇಗ ಒಗ್ಗಿಹೋಗುತ್ತದೆ. ದೀಪದ ಹಳದಿ ಬೆಳಕಿನಲ್ಲೂ ಕಾಗದ ಬಿಳಿಯೆಂದೇ ತೋರುತ್ತದೆ, ಮೋಡದ ನೀಲಿಬೆಳಕಿನಲ್ಲೂ ಬಿಳಿಯೆಂದೇ ತೋರುತ್ತದೆ. ಹಾಗೆಯೇ ದಿನವೂ ನೋಡುವ ಪರದೆಯ ಬಿಳಿ ನಮಗೆ ಬಿಳಿಯ ಅಳತೆಗೋಲೇ ಆಗಿಬಿಡುತ್ತದೆ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗಲೇ ಗುಟ್ಟು ಬಯಲಾಗುವುದು. ಗೃಹಸ್ಥರು ಸುಳ್ಳು ಹೇಳಿರಲಿಲ್ಲ. ಅವರು ಅರಿಶಿನವನ್ನೇ ಕಂಡಿದ್ದರು. ಸಿ. ವಿ. ರಾಮನ್ನರು ತಮ್ಮ ಕೊನೆಯ ವರ್ಷಗಳನ್ನು ಹೂಗಳ ಬಣ್ಣಕ್ಕೂ ಕಣ್ಣಿನ ನೋಟಕ್ಕೂ ಮೀಸಲಿಟ್ಟು 1968ರಲ್ಲಿ ದೃಷ್ಟಿಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಆ ವಯಸ್ಸಿನಲ್ಲಿ ಅವರನ್ನು ಹಿಡಿದಿಟ್ಟ ವಿಷಯ ಸಣ್ಣದಾಗಿರಲಾರದು. ಬಣ್ಣವನ್ನು ಅಳೆಯಲು ಜಗತ್ತು ಇಂದಿಗೂ ಬಳಸುವ 1931ರ ಕೋಷ್ಟಕಕ್ಕೆ ಆಧಾರ ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು ಪರೀಕ್ಷಿಸಿದ ಒಟ್ಟು 17 ಮಂದಿಯ ಕಣ್ಣುಗಳು. ಆ ತುಮಕೂರಿನ ಅಜ್ಜಿಯ ಕಣ್ಣನ್ನು ಯಾರೂ ಕೇಳಿರಲಿಲ್ಲ!

ಆಕೆಯ ಕಡೆಯಲ್ಲಿ ತಪ್ಪಿತ್ತೆ? ಅದೂ ಕಾಣಲಿಲ್ಲ. ಕ್ಯಾಮೆರಾ ಬೆಳಕಿನ ಬಣ್ಣವನ್ನು ಊಹಿಸಿ ಪಟವನ್ನು ತಾನೇ ತಿದ್ದುತ್ತದೆ. ಚೌಕಟ್ಟಿನ ತುಂಬ ಕೆಂಪು ಸೀರೆಯೇ ಇದ್ದರೆ ಬೆಳಕೇ ಕೆಂಪೆಂದು ಬಗೆದು ಕೆಂಪನ್ನು ಕುಗ್ಗಿಸುವುದೂ ಉಂಟು. ನವಿಲುಕೊರಳಿನ ಬಣ್ಣದ ಸೀರೆಯಂತೂ ಪರದೆಗೆ ದಕ್ಕುವುದಿಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ. ಮಡಿಕೆ ಅಲುಗಿದಂತೆಲ್ಲ ನೀಲಿ ಹೋಗಿ ಹಸುರು, ಹಸುರು ಹೋಗಿ ನೀಲಿ. ಪಟದಲ್ಲಿ ಅದು ಯಾವುದೋ ಒಂದರಲ್ಲಿ ನಿಂತುಬಿಡುತ್ತದೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯವರು ಈ ವಿಷಯದಲ್ಲಿ ಜಾಣರು. ಅಲ್ಲಿ ಈಗ ಹರಾಜಿನ ಬೆಲೆ ಮೊಬೈಲಿನ ಮೂಲಕವೇ ಓಡಾಡುತ್ತದೆ. ಬೆಲೆ ಬರಿಯ ಅಂಕೆ. ಯಾವ ಪರದೆಯಲ್ಲೂ ಅದರ ಬಣ್ಣ ಕೆಡದು. ಆದರೆ ಗೂಡನ್ನು ನೋಡುವುದಕ್ಕೆ ರೀಲರು ಜಾಲರಿಯ ಹತ್ತಿರ ಹೋಗಲೇಬೇಕು. ದ್ವಿತಳಿಯ ಬಿಳಿ, ಮಿಶ್ರತಳಿಯ ಹಳದಿ, ಕಲೆ, ಗಟ್ಟಿತನ, ಇವನ್ನು ಕಣ್ಣೂ ಬೆರಳೂ ಕೂಡಿಯೇ ನಿರ್ಣಯಿಸುತ್ತವೆ. ನೂಲಿಗೆ ಮೊದಲೇ ಇಷ್ಟು ಎಚ್ಚರ. ಸೀರೆಯಾದ ಮೇಲೆ ನಾವು ಗಾಜನ್ನು ನಂಬುತ್ತೇವೆ.

ಜಗಲಿಯ ಪಂಚಾಯಿತಿ ಹೀಗೆ ಮುಗಿಯಿತು. ಸೀರೆ ಧಾರೆಗೆ ಒದಗದ ಮೇಲೆ ಯಾರ ತಪ್ಪೂ ಇಲ್ಲವೆಂಬ ತೀರ್ಪಿನಿಂದ ಆ ಮನೆಗೆ ಪ್ರಯೋಜನವೇನು? ಆಕೆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿದರು. ಆ ತಿಂಗಳ ಲಾಭ ಅಲ್ಲಿಗೆ ಹೋಯಿತು. ಗೃಹಸ್ಥರು ಹಣವನ್ನು ಎಣಿಸಿಕೊಂಡು, “ಅಮ್ಮ, ನಾನು ಆ ಮಾತು ಆಡಬಾರದಾಗಿತ್ತು” ಎಂದರು, ಬೀದಿಗೂ ಕೇಳುವಂತೆ. ನಷ್ಟ ಆಕೆಯೊಬ್ಬರ ಪಾಲಿಗೇ ಬಂದುದು ಸರಿಯೆಂದು ನನಗೆ ಈಗಲೂ ತೋರುವುದಿಲ್ಲ. ಅರ್ಧವನ್ನಾದರೂ ಅವರು ಹೊತ್ತುಕೊಳ್ಳಬಹುದಾಗಿತ್ತು. ಪರದೆ ಮಾಡಿದವರನ್ನು ಕೇಳೋಣವೆಂದರೆ ಅವರ ಜಗಲಿ ಎಲ್ಲಿದೆಯೋ!

ಈಗ ಆಕೆ ಪಟ ತೆಗೆಯುವುದು ಬೆಳಗಿನ ನೆರಳಿನಲ್ಲಿ, ಸೀರೆಯ ಪಕ್ಕ ಒಂದು ಬಿಳಿಯ ಕಾಗದವಿಟ್ಟು. ಧಾರೆಯ ಸೀರೆಯೆಂದು ತಿಳಿದರೆ ಹಣವನ್ನು ಕೂಡಲೆ ತೆಗೆದುಕೊಳ್ಳುವುದಿಲ್ಲ. ಸೆರಗಿನ ತುದಿಯಿಂದ ಒಂದು ಗೇಣು ಎಳೆ ಬಿಡಿಸಿ, ಕಾಗದಕ್ಕೆ ಸುತ್ತಿ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಾರೆ. ಹಗಲಿನಲ್ಲಿ ನೋಡಿ, ಹಿರಿಯರಿಗೂ ತೋರಿಸಿ ಎಂದು ಒಂದು ಸಾಲು ಬರೆದಿರುತ್ತಾರೆ. ನವಿಲುಕೊರಳಿನ ಸೀರೆಯಾದರೆ ಲಕೋಟೆಯಲ್ಲಿ ಎರಡು ಎಳೆ: ಹಾಸಿನದೊಂದು, ಹೊಕ್ಕಿನದೊಂದು.