ಮಿದುಳಿನ ವಿದ್ಯುತ್ಪ್ರಚೋದನೆಯೂ ಇಲಿಗಳ ವರ್ತನೆಯೂ

ಇಲಿಯ ಮಿದುಳಿನ ಆಳಕ್ಕೆ ಸೂಕ್ಷ್ಮವಾದ ತಂತಿಯನ್ನು ಇಳಿಸಿ ಕ್ಷೀಣವಾದ ವಿದ್ಯುತ್ತನ್ನು ಹಾಯಿಸಿದರೆ ಅದರ ನಡವಳಿಕೆ ಮಾರ್ಪಡುವುದೆಂಬುದು ಈಗ ಸುವಿದಿತ. ಆ ಮಾರ್ಪಾಟನ್ನು ಏನೆಂದು ಕರೆಯಬೇಕೆಂಬುದೇ ನಾವಿಲ್ಲಿ ವಿವೇಚಿಸಲಿರುವ ಪ್ರಶ್ನೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ತಮ್ಮ ಪ್ರಯೋಗಗಳನ್ನು 1954ರಲ್ಲಿ ಪ್ರಕಟಿಸಿದರು. ಅವರ ಒಂದು ಇಲಿಯಲ್ಲಿ ತಂತಿಯ ತುದಿ ಉದ್ದೇಶಿತ ಸ್ಥಾನವನ್ನು ತಪ್ಪಿ ಬೇರೆಡೆ ನೆಲೆಗೊಂಡಿತ್ತು. ಯಾವ ಮೂಲೆಯಲ್ಲಿ ಪ್ರಚೋದನೆ ದೊರೆಯಿತೋ ಆ ಮೂಲೆಗೇ ಅದು ಮರಳಿ ಮರಳಿ ಬರತೊಡಗಿತು. ಅನಂತರ, ಸನ್ನೆಯನ್ನು ಒತ್ತಿ ವಿದ್ಯುತ್ತನ್ನು ತಾವೇ ಪಡೆಯುವ ಏರ್ಪಾಡನ್ನು ಇಲಿಗಳಿಗೆ ಕಲ್ಪಿಸಲಾಯಿತು. ಹೈಪೊಥಲಮಸ್‌ನಲ್ಲಿ ತಂತಿಯಿದ್ದ ಕೆಲವು ಇಲಿಗಳು ಗಂಟೆಗೆ 5000 ಸಲದಷ್ಟು ಒತ್ತಿದುವು. 1956ರಲ್ಲಿ ಓಲ್ಡ್ಸ್ ಬರೆದ ಲೇಖನದಿಂದ 'ಸುಖಕೇಂದ್ರ'ವೆಂಬ ಹೆಸರು ಜನಜನಿತವಾಯಿತು. ಹೆಸರೇನೋ ಆಕರ್ಷಕವಾದುದು, ಆದರೆ ಇಲಿ ಒತ್ತಿತೆಂಬುದು ಕಂಡ ಸಂಗತಿ, ಸುಖಪಟ್ಟಿತೆಂಬುದು ನಮ್ಮ ಊಹೆ.

1965ರಲ್ಲಿ ರೌಟೆನ್‌ಬರ್ಗ್ ಮತ್ತು ಲಿಂಡಿ ಎಂಬವರು ಆಹಾರದ ಸನ್ನೆ, ವಿದ್ಯುತ್ತಿನ ಸನ್ನೆ ಎರಡನ್ನೂ ದಿನಕ್ಕೆ ಒಂದೇ ಗಂಟೆಯ ಕಾಲ ಇಲಿಗಳ ಮುಂದಿಟ್ಟರು. ಕೆಲವು ಇಲಿಗಳು ಆಹಾರವನ್ನು ಕಡೆಗಣಿಸಿ ಉಪವಾಸದಿಂದ ಕೃಶವಾದುವು. ಇದನ್ನು ಸುಖದ ಪರಾಕಾಷ್ಠೆಯೆಂದು ವರ್ಣಿಸಿದವರುಂಟು. ಅವಕಾಶವು ಆ ಒಂದು ಗಂಟೆಗೆ ಮಾತ್ರ ಸೀಮಿತವಾಗಿತ್ತೆಂಬುದನ್ನು ಅವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಊಹೆಯನ್ನು ಪರೀಕ್ಷೆಗೊಡ್ಡಿದವರು ಕೆಂಟ್ ಬೆರಿಜ್ ಮತ್ತು ಎಲಿಯಟ್ ವ್ಯಾಲೆನ್‌ಸ್ಟೈನ್. ಸಿಹಿ ತಾಗಿದಾಗ ಇಲಿ ನಾಲಗೆ ಚಾಚಿ ತುಟಿ ಸವರುತ್ತದೆ. ಕಹಿ ತಾಗಿದಾಗ ಬಾಯಿ ತೆರೆದು ತಲೆಯೊದರುತ್ತದೆ. ಎಳೆಗೂಸಿನ ಮುಖದಲ್ಲಿಯೂ ಇಂಥವೇ ಚಿಹ್ನೆಗಳನ್ನು ನಾವು ಕಾಣಬಹುದು. ಪಾರ್ಶ್ವ ಹೈಪೊಥಲಮಸ್‌ಗೆ ಪ್ರಚೋದನೆ ಕೊಟ್ಟಾಗ ಇಲಿಗಳು ಆಹಾರಕ್ಕೆ ಮುಗಿಬಿದ್ದುವು. ಸುಖವೇ ಕಾರಣವಾಗಿದ್ದ ಪಕ್ಷದಲ್ಲಿ ಸಿಹಿಯ ಚಿಹ್ನೆಗಳು ಹೆಚ್ಚಬೇಕಾಗಿತ್ತು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವು ಹೆಚ್ಚಲಿಲ್ಲ. ಹೀಗಾಗಿ ಬಯಸುವುದು ಬೇರೆ, ಸವಿಯುವುದು ಬೇರೆ ಎಂಬ ಭೇದವನ್ನು ಬೆರಿಜ್ ಮುಂದೆ ವಿಸ್ತಾರವಾಗಿ ಪ್ರತಿಪಾದಿಸಿದರು. ನಮಗೂ ಈ ಭೇದವೇ ಯುಕ್ತವಾಗಿ ತೋರುತ್ತದೆ.

ಇದು ಬರಿಯ ಶಬ್ದವಿವಾದವಲ್ಲ. ಪಾರ್ಕಿನ್‌ಸನ್ ರೋಗಿಗಳ ಮಿದುಳಿನ ಆಳಕ್ಕೂ ಇಂದು ಇಂಥ ತಂತಿಗಳನ್ನು ಇಳಿಸಲಾಗುತ್ತಿದೆ. ನಡುಕ ತಗ್ಗಿದರೂ ಕೆಲವರಲ್ಲಿ ಜೂಜಿನಂಥ ತಡೆಯಲಾಗದ ಪ್ರವೃತ್ತಿಗಳು ತಲೆದೋರಿದ್ದುಂಟು. ಅಂಥ ರೋಗಿಯನ್ನು ಸುಖಲೋಲುಪನೆಂದು ಬಗೆಯುವುದು ಅನ್ಯಾಯವಾದೀತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಇಲ್ಲಿ ಸ್ಮರಿಸಬೇಕು. ದಿನಕ್ಕೊಂದು ಗಂಟೆಯಂತೆ ಹತ್ತು ದಿನ ಸ್ವಪ್ರಚೋದನೆ ಪಡೆದ ಇಲಿಗಳಲ್ಲಿ ಹಿಪೊಕ್ಯಾಂಪಸ್ ಹಾಗೂ ಚಾಲಕ ಕವಚದ ನರಕೋಶಗಳ ಕವಲುಗಳು ಹೆಚ್ಚಿದ್ದನ್ನು ಅವರು ಕಂಡರು. ಆ ಕವಲುಗಳು ಬಯಕೆಯಿಂದ ಚಿಗುರಿದುವೋ ಸವಿಯಿಂದಲೋ ಎಂಬುದನ್ನು ಸೂಕ್ಷ್ಮದರ್ಶಕ ಮಾತ್ರದಿಂದ ನಿರ್ಣಯಿಸುವಂತಿಲ್ಲ.