ಕಟ್ಟೆ ಇರುವುದು ಕೂರಲಿಕ್ಕೆ

ಉಡುಪಿಯಿಂದ ಕುಂದಾಪುರಕ್ಕೆ ಹೊರಟ ಬಸ್ಸಿಗೆ ಸಂತೆಕಟ್ಟೆ ಎಂದರೆ ಅರೆನಿಮಿಷದ ಸ್ಟಾಪು. ಹೆಸರು ಮಾತ್ರ ಕಾಲ್ನಡಿಗೆಯ ಕಾಲದ್ದು. ತಲೆಹೊರೆ ಹೊತ್ತು ಬಂದವರು ಕೂಡಿದರೆ ಸಂತೆ, ಹೊರೆ ಇಳಿಸಿ ಕೂತರೆ ಕಟ್ಟೆ. ಕರಾವಳಿಯಲ್ಲಿ ಅಶ್ವತ್ಥದ ಬುಡಕ್ಕೆ ಕಟ್ಟಿದ ಈ ಜಗಲಿಯಲ್ಲಿ ಹರಟೆಯೂ ಉಂಟು, ಪೂಜೆಯೂ ಉಂಟು. ಉತ್ಸವಕ್ಕೆ ಹೊರಟ ದೇವರು ಕೂಡ ಕಟ್ಟೆಯಲ್ಲಿ ಕೂತು, ಕಟ್ಟೆಪೂಜೆ ಮುಗಿಸಿಕೊಂಡೇ ಮುಂದೆ ಹೋಗುವುದು. ಈ ಕೂರುವಿಕೆಯನ್ನು ನಾವು ಬರೀ ವಿಶ್ರಾಂತಿ ಎಂದು ತಿಳಿದುಬಿಟ್ಟಿದ್ದೇವೆ. ಕೂತವನಿಗೆ ನೀರು ಬೇಕು, ಕೊಡುವವರು ಬೇಕು. ಅದಕ್ಕೇ ನಮ್ಮಲ್ಲಿ ಬೆಲ್ಲ-ನೀರು, ಅರವಟ್ಟಿಗೆ. ನಿಧಾನವಾಗಿ ಹೋಗುವವನು ದಾರಿಯ ಹಂಗಿಗೆ ಬೀಳುತ್ತಾನೆ. ನಿಧಾನ ಪಯಣದಲ್ಲಿ ಅಧ್ಯಾತ್ಮ ಎಂಬುದು ಏನಾದರೂ ಇದ್ದರೆ ಅದು ಆ ಹಂಗಿನಲ್ಲಿದೆ ಎಂಬುದು ನನ್ನ ವಾದ, ವೇಗ ಕಡಿಮೆಯಾದದ್ದರಲ್ಲಿ ಅಲ್ಲ. ಬರೀ ನಿಧಾನವೇ ಪುಣ್ಯವಾಗಿದ್ದರೆ, ಸಂತೆಕಟ್ಟೆಯ ಅಂಡರ್‌ಪಾಸ್ ಕಾಮಗಾರಿಯ ದಿನಗಳಲ್ಲಿ ಹೆದ್ದಾರಿಯಲ್ಲಿ ತೆವಳಿದವರೆಲ್ಲ ಮುಕ್ತರಾಗಬೇಕಿತ್ತು!

ಹಿಂದಿನವರು ಬಸ್ಸಿಲ್ಲದ್ದಕ್ಕೆ ನಡೆದರು, ಅದಕ್ಕೇಕೆ ಇಷ್ಟೊಂದು ಬಣ್ಣ ಎನ್ನುವವರಿದ್ದಾರೆ. ಒಂದು ಮಟ್ಟಿಗೆ ಸರಿಯೇ. ಪಾಜಕದ ಮಧ್ವಾಚಾರ್ಯರು ಬದರಿಗೆ ನಡೆದದ್ದು ಹದಿಮೂರನೆಯ ಶತಮಾನದಲ್ಲಿ. ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ 1432ರಲ್ಲಿ ನಿಂತ ಬಾಹುಬಲಿಯ ದರ್ಶನಕ್ಕೆ ಇವತ್ತು ಕಾರ್ಕಳಕ್ಕೆ ಬರುವ ದಿಗಂಬರ ಮುನಿಯ ಪಕ್ಕದಲ್ಲೇ ಬಸ್ಸು ಹಾದುಹೋಗುತ್ತದೆ, ಅವರು ಹತ್ತುವುದಿಲ್ಲ. ಬರಿಗಾಲು, ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು. ಕಣ್ಣು ನಾಲ್ಕು ಮೊಳ ಮುಂದಿನ ನೆಲದ ಮೇಲೆ, ಇರುವೆಯೊಂದು ಕಾಲಡಿಗೆ ಸಿಗಬಾರದು. ಕೂರುವ ಮೊದಲು ಆ ಜಾಗವನ್ನು ಪಿಂಛಿಯಿಂದ ಮೆಲ್ಲಗೆ ಸವರುತ್ತಾರೆ. ದಿನಕ್ಕೊಂದೇ ಆಹಾರ, ಅದೂ ನಿಂತು, ಬೊಗಸೆಯಲ್ಲಿ, ಶ್ರಾವಕರು ಕೊಟ್ಟರೆ ಮಾತ್ರ. ಮಳೆಗಾಲದಲ್ಲಿ ನೆಲದ ತುಂಬ ಹುಳಹುಪ್ಪಟೆ ಎದ್ದಾಗ ನಡಿಗೆಯನ್ನೂ ಬಿಟ್ಟು ಚಾತುರ್ಮಾಸಕ್ಕೆ ಒಂದೇ ಊರಲ್ಲಿ ನಿಲ್ಲುತ್ತಾರೆ. ಇಲ್ಲಿ ನಿಧಾನ ಎಂಬುದು ಅಹಿಂಸೆಯ ಲೆಕ್ಕಾಚಾರ. ಮನಸ್ಸಿನ ನೆಮ್ಮದಿಯ ಮಾತು ಆಮೇಲಿನದು.

ಸನ್ಯಾಸಿಗಳ ಮಾತು ಬಿಡಿ, ಸಂಸಾರಿಗೆ ಪುರುಸೊತ್ತೆಲ್ಲಿ ಎಂಬುದು ಇನ್ನೂ ಗಟ್ಟಿ ತಕರಾರು. ರಜೆ ಹಾಕಿ ನಿಧಾನವಾಗಿ ಅಲೆಯುವುದು ಉಳ್ಳವರ ಶೋಕಿಯೂ ಆಗಬಹುದು, ಆಗಿದೆ ಕೂಡ. ಆದರೆ ಶಿವರಾತ್ರಿ ಹತ್ತಿರವಾದಾಗ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವವರನ್ನು ನೋಡಿ. ಅಲ್ಲಿ ಉಳ್ಳವರಷ್ಟೇ ಅಲ್ಲ, ಹೊಲಗದ್ದೆಯವರೂ ಇದ್ದಾರೆ. ದಾರಿಬದಿಯಲ್ಲಿ ಯಾರೋ ಕೊಟ್ಟ ಮಜ್ಜಿಗೆ ಕುಡಿದು, ಸಿಕ್ಕಲ್ಲಿ ಮಲಗಿ ಬರುತ್ತಾರೆ; ವಾಪಸು ಹೋಗಲು ಬಸ್ಸು ಹತ್ತುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇಲ್ಲ. ಬದುಕಿಡೀ ನಿಧಾನವಾಗಬೇಕಿಲ್ಲ, ಎಲ್ಲಿ ನಿಧಾನವಾಗಬೇಕು ಎಂದು ಗೊತ್ತಿದ್ದರಾಯಿತು. ಉಡುಪಿಗೆ ಇದು ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಕೃಷ್ಣಮಠದ ಪೂಜೆಯ ಸರದಿ ಹಿಡಿದು ಪರ್ಯಾಯ ಪೀಠವೇರುವ ಸ್ವಾಮಿಗಳು ಕಾಪು ಬಳಿಯ ದಂಡತೀರ್ಥದಲ್ಲಿ ಮಿಂದು ವಾಹನದಲ್ಲಿ ಜೋಡುಕಟ್ಟೆಗೆ ಬರುತ್ತಾರೆ. ಹೆಚ್ಚಿನ ದೂರ ಅಲ್ಲಿಗೇ ಮುಗಿಯಿತು. ಜೋಡುಕಟ್ಟೆಯಿಂದ ರಥಬೀದಿಗೆ ಉಳಿದದ್ದು ಚೂರು ದಾರಿ. ಅದಕ್ಕೇ ವಾದ್ಯ, ಸ್ತಬ್ಧಚಿತ್ರ, ಬಿರುದಾವಳಿ ಎಲ್ಲ. ಆ ಚೂರು ದಾರಿಯನ್ನು ನೋಡಲೆಂದೇ ಊರು ರಾತ್ರಿಯಿಡೀ ನಿದ್ದೆಗೆಟ್ಟು ಬೀದಿಬದಿಯಲ್ಲಿ ಕೂತಿರುತ್ತದೆ.